ಉಸಿರು ಬಿಡಲು ಕಲಿತ ವರ್ಷ

ಪರೀಕ್ಷೆಯಲ್ಲಿ ನಾನು ಸೋತದ್ದು ಉಸಿರಿನ ಪ್ರಶ್ನೆಯಲ್ಲಿ. ಚಿಪ್ಪಿ ತೆಗೆಯುವವನ ಮಗಳಿಗೆ ಇದಕ್ಕಿಂತ ದೊಡ್ಡ ಅವಮಾನ ಇರಲಿಕ್ಕಿಲ್ಲ.

ನಮ್ಮ ಮನೆ ಮಾವಳ್ಳಿಯಲ್ಲಿ. ಅಪ್ಪ ಇಳಿತದ ಹೊತ್ತು ನೋಡಿಕೊಂಡು ಸಮುದ್ರದ ಬಂಡೆಗಳ ಬುಡಕ್ಕೆ ಮುಳುಗಿ, ಕಲ್ಲಿಗೆ ಕಚ್ಚಿಕೊಂಡ ನೀಲಿ ಚಿಪ್ಪಿಗಳನ್ನು ಕಬ್ಬಿಣದ ಪಟ್ಟಿಯಿಂದ ಎಬ್ಬಿಸಿ ತರುತ್ತಿದ್ದ. ಕಣ್ಣಿಗೆ ಗಾಜಿಲ್ಲ, ಬೆನ್ನಿಗೆ ಸಿಲಿಂಡರಿಲ್ಲ. ಎದೆ ತುಂಬ ಒಮ್ಮೆ ಗಾಳಿ ಎಳೆದು, ಬಾಯಿ ಬಿಗಿದು ಇಳಿದರೆ ಎರಡು ನಿಮಿಷದ ಹತ್ತಿರ ಮೇಲೆ ಬರುತ್ತಿರಲಿಲ್ಲ. ಅಮ್ಮ ಬೆಳಿಗ್ಗೆ ಬಸ್ಸಿಗೆ ಬುಟ್ಟಿ ಏರಿಸಿಕೊಂಡು ಭಟ್ಕಳಕ್ಕೆ ಹೋಗಿ ಓಣಿಗಳಲ್ಲೂ ಮಾರ್ಕೆಟಿನಲ್ಲೂ ಮೀನು ಮಾರುತ್ತಿದ್ದಳು, ಈಗಲೂ ಮಾರುತ್ತಾಳೆ. ಅಪ್ಪನಿಗೆ ಮಾತ್ರ ಐವತ್ತು ದಾಟುವ ಹೊತ್ತಿಗೆ ದಮ್ಮು ಅಂಟಿಕೊಂಡಿತು. ಕುಮಟಾದ ಎದೆ ಡಾಕ್ಟರು ಇನ್ನು ಮುಳುಗುವಂತಿಲ್ಲ ಎಂದು ಖಂಡಿತವಾಗಿ ಹೇಳಿದರು. ಅಂದಿನಿಂದ ಅಪ್ಪ ಮನೆಯಲ್ಲಿ ಕೂತು ಬಲೆ ರಿಪೇರಿ ಮಾಡುತ್ತಾನೆ.

ನನಗೆ ಈಜು ಕಲಿಸಿದವನು ಅವನೇ. ನಡುಮಟ್ಟ ನೀರಿನಲ್ಲಿ ನಿಲ್ಲಿಸಿ, ತಲೆಯ ಮೇಲೆ ಕೈಯಿಟ್ಟು, "ಉಸ್ರು ಕಟ್ಟು. ಎಂತಾದ್ರೂ ಬಿಡ್ಬೇಡ. ಬಿಟ್ರೆ ನೀರು ಒಳಗೆ ಬತ್ತು" ಎಂದು ಅದುಮುತ್ತಿದ್ದ. ಹತ್ತು ವರ್ಷ ತುಂಬುವ ಮೊದಲೇ ನಾನು ಅರವತ್ತು ಎಣಿಸುವಷ್ಟು ಹೊತ್ತು ಕಟ್ಟಬಲ್ಲವಳಾಗಿದ್ದೆ.

ಪಿಯುಸಿ ಮುಗಿದ ಮೇಲೆ ಒಂದೆರಡು ವರ್ಷ ಅಂಗಡಿಗಳಲ್ಲಿ ದುಡಿದು, ಆಮೇಲೆ ಮುರ್ಡೇಶ್ವರದಲ್ಲಿ ಒಂದು ಆಫೀಸಿಗೆ ಸೇರಿದೆ. ಪ್ರವಾಸಿಗರನ್ನು ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಕರೆದೊಯ್ದು, ಬೆನ್ನಿಗೆ ಸಿಲಿಂಡರ್ ಕಟ್ಟಿ, ನೀರಿನಡಿ ಹವಳ, ಮೀನು ತೋರಿಸಿ ತರುವವರ ಆಫೀಸು ಅದು. ಫಾರ್ಮ್ ತುಂಬಿಸುವುದು, ಉಪ್ಪು ನೀರಲ್ಲಿ ನೆಂದ ರಬ್ಬರ್ ಸೂಟುಗಳನ್ನು ತೊಳೆದು ನೆರಳಿಗೆ ಹಾಕುವುದು ನನ್ನ ಕೆಲಸ. ಮೂರನೆಯ ವರ್ಷ ಅಲ್ಲಿನ ಮುಖ್ಯ ತರಬೇತುದಾರರು, ಕೇರಳದ ಕಡೆಯವರು, ನಾನು ಸುಮ್ಮನೆ ಈಜುವುದನ್ನು ಕಂಡು ನಿಂತುಬಿಟ್ಟರು. ಅವರು ಹಿಂದಿ ಮತ್ತು ಇಂಗ್ಲಿಷ್ ಬೆರೆಸಿ ಮಾತಾಡುತ್ತಿದ್ದರು. "ನೀನು ಆಫೀಸಿನಲ್ಲಿ ಯಾಕೆ ಕೂತಿದ್ದೀಯ? ಗೈಡ್ ಆಗು" ಎಂದರು. ಈ ಕರಾವಳಿಯ ಹೆಣ್ಣುಮಕ್ಕಳು ಯಾರೂ ಅಲ್ಲಿ ಆ ಕೆಲಸ ಮಾಡಿರಲಿಲ್ಲ. ನನಗೆ ಆ ರಾತ್ರಿಯೆಲ್ಲ ಖುಷಿ. ಮರುದಿನದಿಂದಲೇ ಕಲಿಕೆ ಶುರುವಾಯಿತು.

ಎಲ್ಲ ಸಲೀಸಾಗಿ ಬಂತು, ಒಂದನ್ನು ಬಿಟ್ಟು. ಸಿಲಿಂಡರ್ ಕಟ್ಟಿಕೊಂಡು ಮುಳುಗುವವರ ಮೊದಲ ನಿಯಮ, ಉಸಿರನ್ನು ಯಾವತ್ತೂ ಕಟ್ಟಬಾರದು ಎಂಬುದು. ಎಳೆಯುತ್ತ ಬಿಡುತ್ತ ಇರಬೇಕು, ಒಂದು ಗಳಿಗೆಯೂ ನಿಲ್ಲಿಸಬಾರದು. ನನ್ನ ಮೈ ಅದಕ್ಕೆ ಒಪ್ಪುತ್ತಿರಲಿಲ್ಲ. ನೀರು ತಲೆ ಮುಚ್ಚಿದ ಕೂಡಲೇ ಗಂಟಲಲ್ಲಿ ಯಾರೋ ಬಾಗಿಲು ಹಾಕಿದ ಹಾಗೆ.

ತರಬೇತುದಾರರು ಒಂದು ದಿನ ನೇತ್ರಾಣಿಯ ನೀರಿನಡಿ ಬಲೂನು ತಂದರು. ಹತ್ತು ಹನ್ನೆರಡು ಮೀಟರ್ ಆಳದಲ್ಲಿ ಸಿಲಿಂಡರಿನ ಗಾಳಿಯಿಂದ ಅದನ್ನು ಚೆನ್ನಾಗಿ ಊದಿಸಿ, ಗಂಟು ಹಾಕಿ ಕೈಬಿಟ್ಟರು. ಬಲೂನು ಏರುತ್ತ ಏರುತ್ತ ಹಿಗ್ಗಿತು. ನಮ್ಮ ತಲೆಯ ಮೇಲೆಲ್ಲೋ ಪಟ್ಟೆಂದು ಒಡೆದು ಚೂರು ಕೆಳಗಿಳಿದು ಬಂತು. ದೋಣಿಗೆ ಬಂದ ಮೇಲೆ, "ನಿನ್ನ ಅಪ್ಪ ಮೇಲಿನ ಗಾಳಿಯನ್ನು ಕೆಳಕ್ಕೆ ಒಯ್ದು ಅಷ್ಟನ್ನೇ ವಾಪಸ್ ತರುತ್ತಿದ್ದ. ನೀನು ಕೆಳಗೆ ಹೋಗಿ ಅಲ್ಲಿನ ಒತ್ತಿದ ಗಾಳಿ ತುಂಬಿಕೊಳ್ಳುತ್ತೀಯ. ಅದನ್ನು ಕಟ್ಟಿಕೊಂಡು ಮೇಲೆ ಬಂದರೆ ನಿನ್ನ ಶ್ವಾಸಕೋಶವೇ ಆ ಬಲೂನು" ಎಂದರು.

ತಲೆಗೆ ಅರ್ಥವಾಯಿತು. ಮೈಗೆ ಆಗಲಿಲ್ಲ. ಮೇ ತಿಂಗಳಲ್ಲಿ ಪರೀಕ್ಷೆ ನಡೆಯಿತು. ಗಾಳಿ ಮುಗಿದುಹೋಗಿದೆ ಎಂದುಕೊಂಡು, ಎದೆಯಲ್ಲಿ ಉಳಿದದ್ದನ್ನು ಸ್ವಲ್ಪ ಸ್ವಲ್ಪವಾಗಿ ಬಿಡುತ್ತ ಮೇಲೆ ಬಂದು ತೋರಿಸಬೇಕಿತ್ತು. ಪರೀಕ್ಷಕರಾಗಿದ್ದ ತರಬೇತುದಾರರು ಪಕ್ಕದಲ್ಲೇ ಏರುತ್ತ ನನ್ನ ಬಾಯಿಂದ ಗುಳ್ಳೆ ಬರುತ್ತದೋ ಇಲ್ಲವೋ ನೋಡುತ್ತಿದ್ದರು. ಮೂರು ಸಲ ಮಾಡಿದೆ. ಮೂರೂ ಸಲ ಅರ್ಧ ದಾರಿಗೆ ಗುಳ್ಳೆ ನಿಂತಿತು, ಅವರು ನನ್ನ ಸಿಲಿಂಡರಿನ ಪಟ್ಟಿ ಹಿಡಿದು ತಡೆದರು. ಆಮೇಲೆ ಇಂಗ್ಲಿಷಿನ ಲಿಖಿತ ಪರೀಕ್ಷೆ. ಗಾಬರಿಯಲ್ಲಿ ಬ್ರೆತ್ ಯಾವುದು, ಬ್ರೀದ್ ಯಾವುದು ಎಂದೇ ತಿಳಿಯಲಿಲ್ಲ. ಮೇಲೆ ಬರುವಾಗ ಏನು ಮಾಡಬೇಕು ಎಂಬ ಪ್ರಶ್ನೆಗೆ, ನಾಲ್ಕು ಉತ್ತರಗಳಲ್ಲಿ ಉಸಿರು ಹಿಡಿದುಕೊಳ್ಳಬೇಕು ಎಂಬುದರ ಮುಂದೆಯೇ ಗುರುತು ಹಾಕಿ ಬಂದೆ.

ತರಬೇತುದಾರರು ಹಾಳೆಯನ್ನು ನನ್ನ ಮುಂದಿಟ್ಟು, "ಇದೊಂದು ಪ್ರಶ್ನೆ ತಪ್ಪಿದವರನ್ನು ನಾನು ಪ್ರವಾಸಿಗರ ಜೊತೆ ನೀರಿಗೆ ಕಳಿಸಲಾರೆ. ಮಳೆಗಾಲಕ್ಕೆ ದೋಣಿ ನಿಲ್ಲುತ್ತದೆ, ಆಗ ಓದು. ಸೆಪ್ಟೆಂಬರಿನಲ್ಲಿ ನಾನು ವಾಪಸ್ ಬಂದಾಗ ಮತ್ತೆ ಮಾಡೋಣ" ಎಂದರು. ಬೈಯಲಿಲ್ಲ. ಬೈದಿದ್ದರೆ ಅಳು ಬರುತ್ತಿರಲಿಲ್ಲವೋ ಏನೋ.

ಅಪ್ಪನಿಗೆ ಹೇಳಿದಾಗ ಬಲೆಯಿಂದ ತಲೆ ಎತ್ತದೆ, "ಉಸ್ರು ಕಟ್ಟದೆ ಮುಳುಗೂದು ಅಂದ್ರೆ ಎಂತದು ಮಾರಾಯ್ತಿ? ಅದು ಮುಳುಗೂದಲ್ಲ, ನೀರೊಳಗೆ ವಾಕಿಂಗ್ ಹೋಪುದು" ಎಂದ. ನನ್ನ ಸೋಲಿನಿಂದ ಅವನಿಗೆ ಎಲ್ಲೋ ಸಮಾಧಾನವೂ ಆಗಿತ್ತು ಎಂದು ನನಗೆ ಆಗ ಅನ್ನಿಸಿತು. ಇಡೀ ಜೀವನ ಅವನು ಬಲ್ಲ ವಿದ್ಯೆಯನ್ನು ತಪ್ಪು ಎನ್ನುವ ಪುಸ್ತಕ ಅವನ ಮಗಳ ಕೈಯಲ್ಲಿತ್ತಲ್ಲ.

ಹೊನ್ನಾವರದ ಕಾಲೇಜಿನಲ್ಲಿ ನನಗೆ ಇಂಗ್ಲಿಷ್ ಕಲಿಸಿದ ಮೇಡಮ್ಮು ನಿವೃತ್ತರಾಗಿ ಊರಲ್ಲೇ ಇದ್ದರು. ಫೋನ್ ಮಾಡಿ ವಿಷಯ ಹೇಳಿದೆ. "ವಾರಕ್ಕೆ ಮೂರು ದಿನ ಬಾ. ಪುಸ್ತಕ ತಗೊಂಡು ಬಾ" ಎಂದರು. ಜೂನಿನಿಂದ ಬಸ್ಸು ಹತ್ತಿ ಹೋಗತೊಡಗಿದೆ. ಮೊದಲ ದಿನ ಅವರು ನನ್ನ ಕೈಬರಹದ ಒಂದು ಪುಟ ಓದಿ, ಕೆಂಪು ಪೆನ್ನು ಹಿಡಿಯುವ ಬದಲು ಕನ್ನಡಕ ತೆಗೆದಿಟ್ಟರು.

"ನೀನು ಎಲ್ಲ ಕಡೆ ಬ್ರೆತ್ ಅಂತಲೇ ಬರೆದಿದ್ದೀಯ. ಬ್ರೆತ್ ಅಂದರೆ ಉಸಿರು. ಬ್ರೀದ್ ಅಂದರೆ ಉಸಿರಾಡು. ಎರಡನೆಯದಕ್ಕೆ ಕೊನೆಯಲ್ಲಿ ಒಂದು ಇ ಉಂಟು."

"ಒಂದು ಅಕ್ಷರಕ್ಕೆ ಇಷ್ಟು ವ್ಯತ್ಯಾಸ ಎಂತಕ್ಕೆ ಮೇಡಂ?"

ಅವರು ಎದ್ದುಹೋಗಿ ಬೆನ್ನಿಗೆ ಬಟ್ಟೆಯ ಪಟ್ಟಿ ಅಂಟಿಸಿದ ದಪ್ಪ ನಿಘಂಟನ್ನು ತಂದು ಮೇಜಿನ ಮೇಲೆ ಬಿಡಿಸಿದರು. ಅದು ಮಾತುಗಳ ಅರ್ಥದ ಜೊತೆ ಅವು ಹುಟ್ಟಿ ಬೆಳೆದ ಕಥೆಯನ್ನೂ ಹೇಳುವ ನಿಘಂಟು. ಬೆರಳಿಟ್ಟು ಓದುತ್ತ ಅವರು ಕನ್ನಡದಲ್ಲಿ ಹೇಳುತ್ತ ಹೋದರು. ಬ್ರೆತ್ ಎಂಬ ಮಾತಿಗೆ ತೀರಾ ಹಿಂದೆ ಉಸಿರು ಎಂಬ ಅರ್ಥವೇ ಇರಲಿಲ್ಲವಂತೆ. ವಾಸನೆ, ಹಬೆ ಎಂದಿತ್ತಂತೆ. ಬೇಯುತ್ತಿರುವುದರಿಂದ, ಸುಡುತ್ತಿರುವುದರಿಂದ ಏಳುವ ಆವಿ. ಆಮೇಲೆ ನಿಧಾನವಾಗಿ ಅದು ಮನುಷ್ಯನ ಬಾಯಿ ಮೂಗಿನಿಂದ ಹೊರಡುವ ಗಾಳಿಗೆ ಬಂತು. ಉಸಿರಾಡು ಎನ್ನುವ ಕ್ರಿಯೆಯ ಮಾತು ಹುಟ್ಟಿದ್ದು ಇನ್ನೂ ತಡವಾಗಿ, ಈ ಮಾತಿನಿಂದಲೇ.

"ಹಾಗಾದ್ರೆ ಅದಕ್ಕೆ ಮುಂಚೆ ಅವ್ರು ಉಸಿರಿಗೆ ಎಂತ ಹೇಳ್ತಿದ್ರು?"

ಮೇಡಮ್ಮಿಗೆ ಪ್ರಶ್ನೆ ಇಷ್ಟವಾಯಿತು. "ಬೇರೆ ಒಂದು ಮಾತಿತ್ತು. ಈಗ ಇಂಗ್ಲಿಷಿನಲ್ಲಿ ಅದು ಸತ್ತುಹೋಗಿದೆ. ಜರ್ಮನ್ ಭಾಷೆಯಲ್ಲಿ ಅದರ ದಾಯಾದಿ ಇನ್ನೂ ಬದುಕಿದೆ. ಇನ್ನೊಂದು ದಾಯಾದಿ ಎಲ್ಲಿದೆ ಗೊತ್ತೇನು? ನಮ್ಮಲ್ಲೇ. ಆತ್ಮ."

ನಾನು ಬಾಯಿ ತೆರೆದು ಕೂತೆ. ಆತ್ಮ ಎಂದರೆ ಭಜನೆಯಲ್ಲಿ, ಸತ್ತವರ ಮನೆಯಲ್ಲಿ ಕೇಳುವ ಮಾತು ನನಗೆ. ಎಲ್ಲೋ ಚಳಿ ದೇಶದವನೊಬ್ಬ ಓಡಿ ಬಂದು ಸುಸ್ತಾಗಿ ಎಳೆದುಕೊಂಡ ಗಾಳಿಗೂ ಅದಕ್ಕೂ ಒಂದೇ ಬೇರು ಎಂದರೆ ನಂಬುವುದು ಹೇಗೆ? ಆದರೆ ನನ್ನ ಮನಸ್ಸು ನಿಂತದ್ದು ಆತ್ಮದಲ್ಲಲ್ಲ, ಹಬೆಯಲ್ಲಿ.

"ಮೇಡಂ, ಇದು ದಮ್ಮಿನ ಹಾಗೇ ಅಲ್ದಾ?" ಎಂದೆ.

"ಯಾವ ದಮ್ಮು? ಅಸ್ತಮಾ?"

"ಅದೂ ಹೌದು. ಬಿರಿಯಾನಿಯ ದಮ್ಮು."

ಕಾಲೇಜಿನ ರಜೆಯಲ್ಲಿ ನಾನು ಅಮ್ಮನ ಜೊತೆ ಭಟ್ಕಳಕ್ಕೆ ಹೋಗುತ್ತಿದ್ದೆ. ಅಲ್ಲಿ ಅಮ್ಮ ವರ್ಷಾನುಗಟ್ಟಲೆ ಮೀನು ಕೊಡುವ ಒಂದು ಮನೆ, ಮನೆಯೊಳಗೆ ಭಟ್ಕಳದ ಮುಸ್ಲಿಮರ ನುಡಿಯಾದ ನವಾಯತಿ ಮಾತಾಡುವವರು. ಒಂದು ದಿನ ಆ ಮನೆಯ ಅಜ್ಜಿ ನಮ್ಮನ್ನು ಹಿತ್ತಲಲ್ಲೇ ಕೂರಿಸಿದರು. ದೊಡ್ಡ ಪಾತ್ರೆಯ ಬಾಯಿಗೆ ಮುಚ್ಚಳ ಇಟ್ಟು, ಸುತ್ತ ಹಿಟ್ಟಿನ ಕಣಕ ಮೆತ್ತಿ, ಮೇಲೆ ಕೆಂಡ ಸುರಿದಿದ್ದರು. ನಾನು ಹತ್ತಿರ ಹೋದರೆ, "ಮುಟ್ಬೇಡ, ದಮ್ ಆಗ್ಲಿ" ಎಂದು ಕೈ ತಡೆದರು. ದಮ್ ಎಂದರೆ ಎಂತದು ಎಂದು ಕೇಳಿದ್ದಕ್ಕೆ ತಮ್ಮ ಎದೆಯ ಮೇಲೆ ಕೈಯಿಟ್ಟು ಒಮ್ಮೆ ಎಳೆದು ಬಿಟ್ಟು ತೋರಿಸಿದರು. "ಇದೇ. ಉಸಿರು. ಅನ್ನ ಒಳಗೆ ತನ್ನ ಉಸಿರಲ್ಲೇ ಬೇಯ್ತದೆ." ಸ್ವಲ್ಪ ಹೊತ್ತಿಗೆ ಕಣಕದ ಒಂದು ಕಡೆ ಸಣ್ಣ ಬಿರುಕು ಬಿಟ್ಟು ಸುಯ್ಯೆಂದು ಹಬೆ ಹೊರಟಿತು. ಅದರ ವಾಸನೆಗೆ ಅಮ್ಮನೂ ನಾನೂ ಮುಖ ಮುಖ ನೋಡಿಕೊಂಡೆವು. "ಆತು, ಈಗ ತೆಗೀಬಹುದು" ಎಂದರು ಅಜ್ಜಿ.

ಇದನ್ನು ಮೇಡಮ್ಮಿಗೆ ಹೇಳಿದೆ. ಅವರ ಮನೆಯಲ್ಲಿ ಮೊಟ್ಟೆಯೂ ಒಲೆ ಕಂಡಿಲ್ಲ. ಆದರೂ ಅವರು ಕೇಳುತ್ತ ಕೇಳುತ್ತ ಕುರ್ಚಿಯ ತುದಿಗೆ ಬಂದಿದ್ದರು. ಒಳಗಿದ್ದ ಗಂಡನಿಗೆ, "ರೀ, ಇಲ್ಲಿ ಬನ್ನಿ, ಈ ಕೂಸು ಎಂತ ಹೇಳ್ತು ಕೇಳಿ" ಎಂದು ಕೂಗಿದರು. ಆಮೇಲೆ ನನ್ನ ಕಡೆ ತಿರುಗಿ, "ಇಂಗ್ಲಿಷಿನವರು ಪಾತ್ರೆಯ ಹಬೆಯ ಮಾತನ್ನು ಎದೆಗೆ ತಂದರು. ದಮ್ ಪರ್ಷಿಯಾದ ಮಾತು, ಆ ಕಡೆಯವರು ಎದೆಯ ಮಾತನ್ನು ಪಾತ್ರೆಗೆ ಒಯ್ದರು. ಮೂವತ್ತು ವರ್ಷ ಪಾಠ ಮಾಡಿದ್ದೇನೆ, ನನಗೆ ಇದು ಹೊಳೆದೇ ಇರಲಿಲ್ಲ ನೋಡು" ಎಂದರು. ನಿಘಂಟಿನ ಆ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ದಮ್ ಎಂದು ಬರೆದು, ಕೆಳಗೆ ನನ್ನ ಹೆಸರು ಬರೆದರು. ಫೇಲಾದವಳ ಹೆಸರು ಅಷ್ಟು ದಪ್ಪ ಪುಸ್ತಕದ ಒಳಗೆ! ಬಸ್ಸಿನಲ್ಲಿ ವಾಪಸ್ ಬರುವಾಗ ಕಿಟಕಿಯ ಪಕ್ಕ ಕೂತು ನಾನು ಒಬ್ಬಳೇ ನಗುತ್ತಿದ್ದೆ.

ಆ ದಿನದಿಂದ ಇಂಗ್ಲಿಷ್ ನನಗೆ ಹೆದರಿಕೆಯ ವಸ್ತುವಾಗಿ ಉಳಿಯಲಿಲ್ಲ. ಮಾತುಗಳೂ ನಮ್ಮ ಹಾಗೇ ಎಲ್ಲೆಲ್ಲಿಂದಲೋ ಬಂದವು, ಮನೆ ಬದಲಿಸಿದವು ಎಂದು ಗೊತ್ತಾದ ಮೇಲೆ ಅವುಗಳ ಜೊತೆ ಮಾತಾಡಲು ಧೈರ್ಯ ಬಂತು. ಔಷಧಿಯ ಪಟ್ಟಿಯ ಮೇಲಿನ ಎಕ್ಸ್‌ಪೈರಿ ಎಂಬುದು ಕೂಡ ಮೂಲದಲ್ಲಿ ಉಸಿರು ಹೊರಗೆ ಬಿಡುವುದೇ ಎಂದು ಮೇಡಮ್ಮು ಹೇಳಿದಾಗ, ಅಪ್ಪನ ದಮ್ಮಿನ ಮಾತ್ರೆಯನ್ನು ತಿರುಗಿಸಿ ನೋಡಿದೆ. ಅಪ್ಪನಿಗೂ ಹೇಳಿದೆ. "ಮಾತ್ರೆಗೂ ಉಸ್ರುಂಟಾ? ನಂಗಿಂತ ಜಾಸ್ತಿ ದಿನ ಇರ್ಲಿ ಅದಕ್ಕೆ" ಎಂದು ನಕ್ಕ.

ಓದಿನ ಭಾಗ ಹೀಗೆ ಹಗುರವಾಯಿತು. ಉಳಿದದ್ದು ಮೈಯ ಭಾಗ. ಅದಕ್ಕೂ ದಾರಿ ಸಿಕ್ಕಿದ್ದು ಆ ಮೇಜಿನ ಬಳಿಯೇ. ಜುಲೈ ತಿಂಗಳ ಒಂದು ಮಧ್ಯಾಹ್ನ ನಾನು ಮೇಲೆ ಬರುವಾಗ ಗಂಟಲು ಮುಚ್ಚಿಕೊಳ್ಳುವ ಸಂಕಟವನ್ನು ವಿವರಿಸುತ್ತಿದ್ದೆ. ಮೇಡಮ್ಮು ಸ್ವಲ್ಪ ಯೋಚಿಸಿ ಕೇಳಿದರು:

"ನಮ್ಮ ಕನ್ನಡದ ಉಸಿರು ಎಂಬ ಮಾತಿಗೆ ಇನ್ನೊಂದು ಅರ್ಥ ಉಂಟು, ಗೊತ್ತೇನು?"

"ಇಲ್ಲ ಮೇಡಂ."

"ಹಳಗನ್ನಡದಲ್ಲಿ ಉಸಿರು ಎಂದರೆ ಹೇಳು, ಮಾತಾಡು ಅಂತಲೂ ಆಗ್ತದೆ. ಈಗಲೂ ಯಾರಾದರೂ ಸುಮ್ಮನಿರಲಿ ಅಂದರೆ ಏನು ಹೇಳ್ತೇವೆ? ಉಸಿರೆತ್ತಬೇಡ ಅಂತ. ಮಾತಾಡುವವನಿಗೆ ಉಸಿರು ಕಟ್ಟಲಿಕ್ಕೆ ಆಗ್ತದಾ? ನೀನು ಮೇಲೆ ಬರುವಾಗ ಏನಾದರೂ ಹೇಳ್ತಾ ಬಾ."

ನನ್ನ ತರಬೇತಿ ಪುಸ್ತಕದಲ್ಲೂ ಅದೇ ಇತ್ತು. ಏರುವಾಗ ಆ ಎಂದು ಸದ್ದು ಮಾಡುತ್ತಿರಿ ಎಂಬ ಒಂದು ಸಾಲು. ಓದಿ ಮುಂದೆ ಹೋಗಿದ್ದೆ. ಆ ಎನ್ನುವುದು ಡಾಕ್ಟರ ಮುಂದೆ ನಾಲಗೆ ತೋರಿಸುವ ಸದ್ದು, ಅದರಿಂದ ನನಗೆ ಏನೂ ಆಗುತ್ತಿರಲಿಲ್ಲ. ಈಗ ಬೇರೆ ಏನಾದರೂ ಹುಡುಕಬೇಕಾಯಿತು. ಮನೆಗೆ ಬಂದು ದೊಡ್ಡ ಬಕೆಟ್ಟಿನಲ್ಲಿ ನೀರು ತುಂಬಿಸಿ, ಮುಖ ಅದ್ದಿ, ಒಂದೊಂದೇ ಮಾತನ್ನು ಪ್ರಯತ್ನಿಸಿದೆ. ಎಣಿಕೆ ಹೇಳಿದರೆ ಅಪ್ಪನ ಹಳೆ ಪಾಠ ನೆನಪಾಗಿ ಮತ್ತೆ ಗಂಟಲು ಬಿಗಿಯಿತು. ಹಾಡು ಬೇಗ ಮುಗಿಯಿತು.

ಮೂರನೆಯ ದಿನ ಅಮ್ಮ ನನ್ನನ್ನು ಹಿಡಿದಳು.

"ತಲೆ ಬಕೆಟ್ಟೊಳಗೆ ಇಟ್ಕಂಡು ಎಂತ ಮಾಡ್ತೆ ಇದ್ಯೇ? ಹುಚ್ಚು ಹಿಡಿತಾ ನಿಂಗೆ?"

ವಿಷಯ ಹೇಳಿದೆ. ಅವಳು ಸೆರಗಿಗೆ ಕೈ ಒರೆಸಿಕೊಂಡು, "ಅಷ್ಟೇ ಅಲ್ದಾ? ಉದ್ದಕ್ಕೆ ಎಳೀಬೇಕು ಅಂದ್ರೆ ನನ್ನ ಕೇಳು. ಇಪ್ಪತ್ತೈದು ವರ್ಷ ಅದೇ ಮಾಡಿದ್ದು ನಾನು" ಎಂದು ಅಂಗಳದಲ್ಲಿ ನಿಂತು, ಭಟ್ಕಳದ ಓಣಿಗಳಲ್ಲಿ ಕೂಗುವ ಹಾಗೆ, "ಮೀನು ಬೇಕಾ ಮೀನೂ..." ಎಂದು ಕೂಗಿದಳು. ಆ ಊಕಾರ ಪಕ್ಕದ ಮನೆ ದಾಟಿ, ಅದರ ಪಕ್ಕದ ಮನೆಯನ್ನೂ ದಾಟಿತು. ಯಾರೋ ನಿಜವಾಗಿಯೂ ಬಾಗಿಲು ತೆರೆದು ಯಾವ ಮೀನು ಎಂದು ಕೇಳಿದರು. ಅಪ್ಪ ಬಲೆ ಬಿಟ್ಟು ನಗಲು ಶುರುಮಾಡಿದವನು ಕೆಮ್ಮು ಬರುವವರೆಗೂ ನಕ್ಕ.

ನಾನು ಮುಖ ಅದ್ದಿ ಅದನ್ನೇ ಕೂಗಿದೆ. ಬಕೆಟ್ಟಿನ ನೀರು ಕುದಿದ ಹಾಗೆ ಗುಳ್ಳೆ ಎದ್ದವು. ನಿಲ್ಲಲಿಲ್ಲ. ಅಮ್ಮನ ಆ ಕೂಗನ್ನು ನಾನು ಹುಟ್ಟಿದಾಗಿನಿಂದ ಕೇಳಿದವಳು. ಗಂಟಲಿಗೆ ಅದರ ಉದ್ದ ಗೊತ್ತಿತ್ತು.

ಸೆಪ್ಟೆಂಬರಿನಲ್ಲಿ ತರಬೇತುದಾರರು ಬಂದರು. ಮೊದಲು ಹೋಟೆಲೊಂದರ ಈಜುಕೊಳದಲ್ಲಿ ಅಭ್ಯಾಸ, ಸಮುದ್ರ ಶಾಂತವಾದ ಮೇಲೆ ಅಕ್ಟೋಬರಿನಲ್ಲಿ ನೇತ್ರಾಣಿ. ಈ ಸಲ ಪರೀಕ್ಷೆಗೆ ಹೊರಗಿನಿಂದಲೂ ಒಬ್ಬ ಹೆಂಗಸು ಬಂದಿದ್ದರು. ಅವರು ಮಾತು ಕಡಿಮೆ, ಎಲ್ಲವನ್ನೂ ಸ್ಲೇಟಿನ ಮೇಲೆ ಗುರುತು ಹಾಕಿಕೊಳ್ಳುವವರು. ಒಂಬತ್ತು ಮೀಟರ್ ಕೆಳಗೆ ಮರಳಿನ ಮೇಲೆ ಮೊಣಕಾಲೂರಿ ಕೂತೆವು. ಅವರು ಕೈ ಅಡ್ಡ ಬೀಸಿ ಗಾಳಿ ಮುಗಿಯಿತು ಎಂಬ ಸನ್ನೆ ಮಾಡಿದರು. ಆಮೇಲೆ ಹೆಬ್ಬೆರಳು ಎತ್ತಿ, ಮೇಲೆ ಹೋಗು ಎಂದು ತೋರಿಸಿದರು.

ನಾನು ಒಂದು ಕೈ ಎತ್ತಿ, ತಲೆ ಎತ್ತಿ, ಹೊರಟೆ. ಬಾಯಲ್ಲಿ ಸಿಲಿಂಡರಿನ ಕೊಳವೆ ಇದ್ದುದರಿಂದ ಮಾತು ಮಾತಾಗಿ ಹೊರಡಲಿಲ್ಲ, ಬರೀ ಊ ಎಂಬ ಗುಟುರು. ಮೊದಲ ಎರಡು ಮೀಟರಿಗೆ ಗಂಟಲಿನ ಹಳೆ ಬಾಗಿಲು ಒಮ್ಮೆ ಅಲ್ಲಾಡಿತು. ನಾನು ಇನ್ನೂ ಜೋರಾಗಿ ಕೂಗಿದೆ. ಆಮೇಲೆ ಆದದ್ದು ನಾನು ಎಣಿಸಿರಲಿಲ್ಲ. ಎದೆಯಲ್ಲಿ ಗಾಳಿ ಮುಗಿಯಲೇ ಇಲ್ಲ. ಬಿಟ್ಟಷ್ಟೂ ಇತ್ತು. ಮೇಲೇರಿದಂತೆ ಅದು ಹಿಗ್ಗಿ ತಾನೇ ತುಂಬಿಕೊಳ್ಳುತ್ತಿತ್ತು. ಕಟ್ಟಿ ಕಟ್ಟಿ ಇಡುತ್ತಿದ್ದ ದಿನಗಳಲ್ಲಿ ಅರ್ಧ ದಾರಿಗೇ ಎದೆ ಒಡೆಯುವಂತಾಗುತ್ತಿತ್ತು. ಬಿಡುತ್ತ ಬಂದರೆ ನೀರಿನ ಮೇಲೆ ತಲೆ ಎತ್ತಿದಾಗಲೂ ಕೂಗು ಉಳಿದಿತ್ತು. ಕೊಳವೆ ಜಾರಿ, "...ಮೀನೂ" ಎಂಬುದು ಬಯಲಿಗೆ ಬಿತ್ತು. ದೋಣಿಯಲ್ಲಿದ್ದ ತಾಂಡೇಲರು, ನಮ್ಮ ಕಡೆ ದೋಣಿ ನಡೆಸುವ ಹಿರಿಯರನ್ನು ಹಾಗನ್ನುತ್ತಾರೆ, "ಎಲ್ಲಿ, ಎಲ್ಲಿ?" ಎಂದು ನೀರು ನೋಡಿದರು.

ಪರೀಕ್ಷಕಿ ಮುಖವಾಡ ಸರಿಸಿ, ಮೊದಲ ಬಾರಿಗೆ ನಕ್ಕರು. ಅಷ್ಟು ಸದ್ದು ಮಾಡುತ್ತ ಏರಿದವರನ್ನು ತಾನು ಕಂಡಿಲ್ಲ ಎಂದರು. ಸಂಜೆ ಲಿಖಿತ ಪರೀಕ್ಷೆ. ಆ ಪ್ರಶ್ನೆ ಬೇರೆ ಮಾತುಗಳಲ್ಲಿ ಮತ್ತೆ ಬಂದಿತ್ತು. ಬ್ರೀದ್ ಎಂಬುದರ ಕೊನೆಯ ಇ ನನಗೆ ದೂರದಿಂದಲೇ ಕಂಡಿತು. ಒಂದೇ ಒಂದು ಉತ್ತರ ತಪ್ಪಿತು, ಅದು ಹವಾಮಾನದ್ದು.

ಹೊನ್ನಾವರಕ್ಕೆ ಫೋನ್ ಮಾಡಿದೆ. ಪಾಸಾದೆ ಎಂದೆ. "ಮೇಲೆ ಬರುವಾಗ ಏನು ಹೇಳಿದೆ?" ಎಂದು ಮೇಡಮ್ಮು ಕೇಳಿದರು. ಹೇಳಿದೆ. ಸಸ್ಯಾಹಾರಿ ಮೇಡಮ್ಮು ಫೋನಿನಲ್ಲಿ ಮೀನೂ ಎಂದು ಒಮ್ಮೆ ಕೂಗಿ ನೋಡಿದ್ದನ್ನು ನಾನು ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೆ. ಈಗ ಅವರೇ ಎಲ್ಲರಿಗೂ ಹೇಳಿಕೊಂಡಿದ್ದಾರೆ, ಅದಕ್ಕೆ ಬರೆದೆ.

ಆ ಹಂಗಾಮಿನಲ್ಲಿ ನಾನು ಗೈಡ್ ಆದೆ. ಹುಬ್ಬಳ್ಳಿ, ದಾವಣಗೆರೆ ಕಡೆಯಿಂದ ಬಂದವರಿಗೆ ಮುಳುಗುವ ಮೊದಲಿನ ಪಾಠವನ್ನು ಮೊದಲ ಸಲ ಕನ್ನಡದಲ್ಲಿ ಹೇಳಿದವಳು ನಾನು. ಅದುವರೆಗೆ ಅವರು ಇಂಗ್ಲಿಷ್ ಪಾಠಕ್ಕೆ ತಲೆಯಾಡಿಸಿ, ನೀರೊಳಗೆ ಹೋಗಿ ಗಾಬರಿಯಾಗುತ್ತಿದ್ದರು. ನಾನು ಬಿರಿಯಾನಿ ಪಾತ್ರೆಯಿಂದಲೇ ಶುರುಮಾಡುತ್ತಿದ್ದೆ. ಮುಚ್ಚಿಟ್ಟ ಹಬೆ ಎಂತ ಮಾಡುತ್ತದೆ ಎಂದು ಅಡುಗೆ ಮಾಡುವ ಎಲ್ಲರಿಗೂ ಗೊತ್ತು. ತಲೆಯಾಡಿಸುವುದು ನಿಂತು ಜನ ಪ್ರಶ್ನೆ ಕೇಳತೊಡಗಿದರು.

ಡಿಸೆಂಬರಿನಲ್ಲಿ ತರಬೇತುದಾರರು, ನಿನ್ನ ಅಪ್ಪ ಅಮ್ಮನನ್ನು ಒಂದು ದಿನ ಕರೆದುಕೊಂಡು ಬಾ ಎಂದರು. ಅಪ್ಪನನ್ನು ಮುಳುಗಿಸುವಂತಿರಲಿಲ್ಲ. ದಮ್ಮು ಇದ್ದವರಿಗೆ ಅದು ಆಗದು. ಅದನ್ನು ಅವನಿಗೆ ಹೇಳುವಾಗ ನನ್ನ ಸ್ವರ ಸಣ್ಣಗಾಯಿತು. ಅಪ್ಪನೇ, "ನಾ ದೋಣಿಯಲ್ಲಿ ಕೂತ್ಕಂತೆ. ನಂಗೆ ಕೆಳಗೆ ಎಂತ ಉಂಟು ಅಂತ ಗೊತ್ತುಂಟು. ಅವಳಿಗೆ ತೋರ್ಸು" ಎಂದ. ಅಮ್ಮನಿಗೆ ಐವತ್ತು ದಾಟಿತ್ತು. ಕುಮಟಾಕ್ಕೆ ಕರೆದೊಯ್ದು, ಅದೇ ಎದೆ ಡಾಕ್ಟರ ಬಳಿ ಪರೀಕ್ಷೆ ಮಾಡಿಸಿ ಚೀಟಿ ತಂದೆ. ಊದಿಸಿ ನೋಡುವ ಯಂತ್ರಕ್ಕೆ ಅಮ್ಮ ಊದಿದಾಗ ಡಾಕ್ಟರು, "ನೀವು ಹಾಡುವವರಾ?" ಎಂದು ಕೇಳಿದರು.

"ಅಲ್ಲ, ಮೀನು ಮಾರೂದು."

ದೋಣಿಯಲ್ಲಿ ರಬ್ಬರ್ ಸೂಟಿನ ಜಿಪ್ ಎಳೆದಾಗ, "ಈ ಕರಿ ಚರ್ಮದೊಳಗೆ ನನ್ನ ತುಂಬಿದ್ರಿ. ಇನ್ನು ಬುಟ್ಟಿಗೆ ಹಾಕೂದೊಂದೇ ಬಾಕಿ" ಎಂದು ಅಮ್ಮ ಎಲ್ಲರನ್ನೂ ನಗಿಸಿದಳು. ಆದರೆ ನೀರಿಗಿಳಿದ ಕೂಡಲೇ ಅವಳ ಬೆರಳು ನನ್ನ ಮಣಿಕಟ್ಟನ್ನು ಕಚ್ಚಿದ ರೀತಿಯಲ್ಲೇ ಹೆದರಿಕೆ ಗೊತ್ತಾಯಿತು. ಕಡಲಿನವರ ಮಗಳಾಗಿ, ಹೆಂಡತಿಯಾಗಿ, ಮೀನು ಮಾರುವವಳಾಗಿ ಇಡೀ ಆಯುಸ್ಸು ಸಮುದ್ರವನ್ನೇ ನಂಬಿ ಬದುಕಿದವಳು ಮೊಣಕಾಲಿಗಿಂತ ಮೇಲೆ ನೀರಿಗಿಳಿದವಳಲ್ಲ. ಮೊದಲ ಸಲ ತಲೆ ಮುಳುಗಿಸಿದಾಗ ಕೊಳವೆ ಉಗಿದು ಮೇಲೆ ಬಂದಳು. ಎರಡನೆಯ ಸಲವೂ ಅಷ್ಟೇ.

ದೋಣಿಯ ಅಂಚಿನಿಂದ ಅಪ್ಪ ಬಗ್ಗಿ, "ಉಸ್ರು ಕಟ್ಬೇಡವೇ!" ಎಂದ. "ಬಾಯಿ ಮುಚ್ಚಬೇಡ. ಮನೆಯಲ್ಲಿ ಮಾತಾಡ್ತೆ ಅಲ್ದಾ, ಹಂಗೇ ಮಾತಾಡು."

ನಾನು ಅಪ್ಪನ ಮುಖ ನೋಡಿದೆ. ಅವನು ಉಸಿರು ಕಟ್ಟಬೇಡ ಎಂದು ಹೇಳಿದ್ದನ್ನು ನನ್ನ ಕಿವಿ ಆವತ್ತೇ ಮೊದಲು ಕೇಳಿದ್ದು.

ಮೂರನೆಯ ಸಲ ಅಮ್ಮ ಇಳಿದಳು. ಇಳಿದವಳು ಮಾತಾಡಿದಳು. ಐದಾರು ಮೀಟರ್ ಕೆಳಗೆ, ಕೊಳವೆ ಕಚ್ಚಿಕೊಂಡೇ, ನಿಲ್ಲಿಸದೆ ಮಾತಾಡಿದಳು. ಒಂದಕ್ಷರವೂ ನನಗೆ ಅರ್ಥವಾಗಲಿಲ್ಲ, ಆದರೆ ಅವಳ ತಲೆಯ ಮೇಲೆ ಗುಳ್ಳೆಗಳ ಸರ ಒಮ್ಮೆಯೂ ಕಡಿಯಲಿಲ್ಲ. ಬಂಗಡೆಯ ಒಂದು ದೊಡ್ಡ ಹಿಂಡು ನಮ್ಮ ಪಕ್ಕದಲ್ಲಿ ತಿರುಗಿತು. ಬೆನ್ನಿನ ಹಸಿರು ಗೆರೆಗಳು ಒಟ್ಟಿಗೆ ಮಿನುಗಿ ಆರಿದವು. ಅಮ್ಮನ ಕೈ ನನ್ನ ಮಣಿಕಟ್ಟನ್ನು ಬಿಟ್ಟಿತು. ಅವಳು ಎರಡೂ ಕೈ ಚಾಚಿದಳು, ಹಿಂಡು ಅವಳ ಬೆರಳ ತುದಿಯಿಂದ ಒಂದು ಗೇಣು ಬಿಟ್ಟು ಇಬ್ಭಾಗವಾಗಿ ಹೋಯಿತು. ಬಂಡೆಯ ಸಂದಿನಲ್ಲಿ ದಪ್ಪ ತುಟಿಯ ಮುರುಮೀನೊಂದು ನಿಂತಿತ್ತು. ಅದನ್ನು ಕಂಡು ಅವಳು ಕೈ ಬೀಸಿ ಬೀಸಿ ಏನೋ ಹೇಳಿದಳು, ಮಾರ್ಕೆಟಿನಲ್ಲಿ ಪರಿಚಯದವರನ್ನು ಕಂಡ ಹಾಗೆ.

ಇಪ್ಪತ್ತೆರಡು ನಿಮಿಷ ಇದ್ದೆವು. ಮೇಲೆ ಬಂದು ಕೊಳವೆ ತೆಗೆದವಳ ಮೊದಲ ಮಾತು, "ಅಯ್ಯೋ, ಅವು ಹೊಳೀತವೆ! ನಾ ಇಷ್ಟು ವರ್ಷ ಮಾರಿದ್ದು ಮೀನಲ್ಲ, ಮೀನಿನ ಅಂಗಿ."

ಅವಳ ಕಣ್ಣಲ್ಲಿ ನೀರಿತ್ತು. ಉಪ್ಪು ನೀರು ಎಂದಳು. ಅಪ್ಪ ಅವಳನ್ನು ತೋಳು ಹಿಡಿದು ದೋಣಿಗೆ ಎಳೆದುಕೊಂಡ. "ಎಷ್ಟು ಹೊತ್ತಾತು?" ಎಂದು ನನ್ನನ್ನು ಕೇಳಿದ. ಹೇಳಿದೆ. ಅವನು ಎದ್ದು ನಿಂತು, ದೋಣಿಯಲ್ಲಿದ್ದ ಅಷ್ಟೂ ಅಪರಿಚಿತರಿಗೆ ಕೇಳುವ ಹಾಗೆ ಹೇಳಿದ: "ಕೇಳಿ ಇಲ್ಲಿ. ನಾ ಮೂವತ್ತು ವರ್ಷ ಮುಳುಗ್ದವ. ಎರಡು ನಿಮಿಷ ದಾಟ್ಲಿಲ್ಲ. ನನ್ನ ಹೆಂಡ್ತಿ ಇವತ್ತು ಇಪ್ಪತ್ತೆರಡು ನಿಮಿಷ ಇದ್ದು ಬಂದ್ಳು. ಕರ್ಕೊಂಡು ಹೋದದ್ದು ನನ್ನ ಮಗಳು." ಎಲ್ಲರೂ ಚಪ್ಪಾಳೆ ತಟ್ಟಿದರು. ತಾಂಡೇಲರು ಹಾರ್ನ್ ಬಾರಿಸಿದರು. ಅಪ್ಪನಿಗೆ ಅಷ್ಟು ಜೋರಾಗಿ ಮಾತಾಡಿದ್ದಕ್ಕೆ ಕೆಮ್ಮು ಬಂತು. ಅಮ್ಮ ಸೂಟಿನಲ್ಲೇ ಅವನ ಬೆನ್ನು ಉಜ್ಜಿದಳು.

ಮರುದಿನ ಅಮ್ಮ ಎಂದಿನಂತೆ ಭಟ್ಕಳದ ಮಾರ್ಕೆಟಿನಲ್ಲಿ ಕೂತಳು. ಮುರುಮೀನು ತಾಜಾ ಇದೆಯೋ ಎಂದು ಯಾರೋ ಕಿವಿರು ಬಿಡಿಸಿ ನೋಡುತ್ತಿದ್ದರಂತೆ. "ನಿನ್ನೆ ಇದರ ಅಣ್ಣನನ್ನ ಮಾತಾಡ್ಸಿ ಬಂದಿದ್ದೆ ನಾನು. ಬಂಡೆ ಬಾಗಿಲಲ್ಲಿ ಪೊಲೀಸನ ಹಾಗೆ ನಿಂತಿದ್ದ" ಎಂದು ಅಮ್ಮ ಶುರುಮಾಡಿದ್ದು ಮಧ್ಯಾಹ್ನದವರೆಗೂ ಮುಗಿಯಲಿಲ್ಲ. ಸುತ್ತಲಿನ ಹೆಂಗಸರು ತಮ್ಮ ಬುಟ್ಟಿ ಬಿಟ್ಟು ಬಂದು ಕೇಳಿದರು. ಜನವರಿಯಲ್ಲಿ ಅವರಲ್ಲಿ ಮೂವರು ಕುಮಟಾಕ್ಕೆ ಹೋಗಿ ಎದೆ ಪರೀಕ್ಷೆ ಮಾಡಿಸಿಕೊಂಡು ಬಂದರು. ಮೂವರದೂ ಗಟ್ಟಿ ಎದೆ. ಒಂದು ಸೋಮವಾರ ಬೆಳಿಗ್ಗೆ, ಸಮುದ್ರ ಎಣ್ಣೆಯ ಹಾಗೆ ಸಪಾಟಾಗಿದ್ದಾಗ, ನಾನು ಮೂವರನ್ನೂ ಒಬ್ಬೊಬ್ಬರಾಗಿ ಕೆಳಗೆ ಕರೆದೊಯ್ದೆ. ಮೇಲೆ ದೋಣಿಯಲ್ಲಿ ಅಮ್ಮ, ಎಲ್ಲ ಬಲ್ಲವಳ ಹಾಗೆ, ಸರದಿಗೆ ಕಾದವರ ಸೂಟಿನ ಜಿಪ್ ಎಳೆಯುತ್ತಿದ್ದಳು.